ಮಗ್ಗದ ಮೇಲೆ ಕೂತು ಒತ್ತಿದ ಹೆಬ್ಬೆಟ್ಟು

ಚಳ್ಳಕೆರೆ
7 ಜೂನ್ 1998

ಪ್ರಿಯ ಕಿಟ್ಟೂ,

ನಿನ್ನ ಕಾಗದ ಬಂದು ಹದಿನೈದು ದಿನವಾಯಿತು. ದೆಹಲಿಯ ಲೆಟರ್‌ಹೆಡ್ಡು, ಮೇಲೆ ಸರ್ಕಾರದ ಮುದ್ರೆ ಬೇರೆ. ಪೋಸ್ಟ್‌ಮ್ಯಾನ್ ಯತ್ತಪ್ಪ ಅಂಗಡಿಯ ಬಾಗಿಲಲ್ಲೇ ನಿಂತು, "ಏನ್ ಖುದ್ದೂಸಣ್ಣ, ಕೋರ್ಟ್ ನೋಟೀಸಾ?" ಎಂದು ಕೇಳಿದ. ನಾಲ್ಕು ವರ್ಷದ ಮೇಲೆ ಬರೆದಿದ್ದೀಯ, ಅದೂ ಕೆಲಸ ಬಿದ್ದಾಗ. ಹೊಳೆ ದಾಟಿದವನಿಗೆ ಅಂಬಿಗ ನೆನಪಾದನಲ್ಲ, ಅಷ್ಟೇ ಸಾಕು ಎಂದುಕೊಂಡೆ.

ತುರ್ಕಿ ದೇಶದಲ್ಲಿ ನಡೆಯುವ ಅಂತರರಾಷ್ಟ್ರೀಯ ಹಾಡಿನ ಸ್ಪರ್ಧೆಗೆ ನಮ್ಮ ದೇಶದಿಂದ ಒಬ್ಬರನ್ನು ಆರಿಸುವ ಸಮಿತಿಯಲ್ಲಿ ನೀನೂ ಇದ್ದೀಯ ಎಂದು ಜಂಬುಲಿಂಗಪ್ಪ ಮೇಷ್ಟ್ರಿಗೆ ಹೇಳಿದೆ. "ಪ್ರಾರ್ಥನೆ ಹಾಡು ಅಂದ್ರೆ ಕಂಬದ ಹಿಂದೆ ಅವಿತ್ಕೊಳ್ತಿದ್ನಲ್ಲೋ ಅವ್ನು!" ಎಂದು ಕೆಮ್ಮು ಬರುವ ತನಕ ನಕ್ಕರು. ಆಮೇಲೆ ಕಣ್ಣು ಒರೆಸಿಕೊಂಡು, "ನಮ್ಮ ಹುಡುಗ ಕಣೋ" ಎಂದರು.

ಸಿನಿಮಾ ಹಾಡಿನ ನಕಲು ಕೇಳಿ ಕೇಳಿ ಕಿವಿ ಕೆಟ್ಟಿದೆ, ಯಾರೂ ಕೇಳದಂಥದ್ದು ಏನಾದರೂ ಇದ್ದರೆ ಕಳಿಸು ಎಂದು ಬರೆದಿದ್ದೀಯ. ರೇಡಿಯೋ, ಟೇಪು ರಿಪೇರಿ ಮಾಡುವವನ ಹತ್ತಿರ ಕ್ಯಾಸೆಟ್ಟಿಗೇನು ಬರ. ಒಂದು ಕಳಿಸಿದ್ದೇನೆ. ಮೊದಲ ಮಗ್ಗುಲಲ್ಲಿ ನಮ್ಮೂರ ಮದುವೆ ಬ್ಯಾಂಡು, ಅದನ್ನು ಬೇಕಾದರೆ ಬಿಡು. ಎರಡನೇ ಮಗ್ಗುಲಲ್ಲಿ ಒಬ್ಬ ಹೆಂಗಸು ಸೀರೆ ನೇಯುತ್ತಾ ಹಾಡಿದ್ದಾಳೆ. ತಬಲ ಇಲ್ಲ, ಹಾರ್ಮೋನಿಯಂ ಇಲ್ಲ, ತಾಳವೆಲ್ಲ ಮಗ್ಗದ್ದೇ. ಮೊಳಕಾಲ್ಮುರಿಗೆ ರೇಡಿಯೋ ರಿಪೇರಿಗೆ ಹೋದಾಗ ಹಿಡಿದುಕೊಂಡದ್ದು. ಹೆಸರು ಬೇಕೆಂದೇ ಬರೆದಿಲ್ಲ. ಕೇಳಿದ ಮೇಲೂ ನೀನು ಊರಿಗೆ ಬರುವ ರೈಲು ಹತ್ತದಿದ್ದರೆ ನನ್ನ ಹೆಸರು ಖುದ್ದೂಸ್ ಅಲ್ಲ.

ನಿನ್ನ
ಖುದ್ದೂಸ್

*

ನವದೆಹಲಿ
2 ಜುಲೈ 1998

ಪ್ರಿಯ ಖುದ್ದೂಸ್,

ನಿನ್ನ ಕ್ಯಾಸೆಟ್ಟು ಇಲ್ಲಿ ದೊಡ್ಡ ಗಲಾಟೆ ಎಬ್ಬಿಸಿದೆ. ಎರಡನೇ ಮಗ್ಗುಲು ಹಾಕಿದಾಗ ಸಮಿತಿಯ ಒಂಬತ್ತು ಜನರೂ ಟೀ ಲೋಟ ಕೆಳಗಿಟ್ಟರು. ಒಬ್ಬ ಹಿರಿಯ ವಿದ್ವಾಂಸರು ಮಾತ್ರ, "ಇದು ಸಂಗೀತವೇ? ಎಳೆ ಎಣಿಸುವ ಸದ್ದು" ಎಂದರು. ನಾನು ಎದ್ದು ನಿಂತು ಹತ್ತು ನಿಮಿಷ ವಾದಿಸಿದೆ. ಕಲಿತ ಗಂಟಲುಗಳನ್ನು ನಾವು ಹತ್ತು ವರ್ಷದಿಂದ ಕಳಿಸುತ್ತಲೇ ಇದ್ದೇವೆ, ಸೋಲುತ್ತಲೇ ಇದ್ದೇವೆ, ಈ ಹೆಂಗಸು ಹಾಡುವುದನ್ನು ಕಲಿತವಳಲ್ಲ, ಕೆಲಸ ಕಲಿತವಳು, ಆ ಕೆಲಸವೇ ಹಾಡಾಗಿದೆ ಎಂದೆ. ನಮ್ಮ ಡೈರೆಕ್ಟರು ಮೇಜು ಕುಟ್ಟಿದರು. ಕೊನೆಗೆ ಐದು ವೋಟು ಈಕೆಗೆ, ನಾಲ್ಕು ಉಳಿದವರಿಗೆ. ಐದರಲ್ಲಿ ಒಂದು ನನ್ನದು.

ಯಾರು ಈಕೆ? ಹೆಸರು, ವಯಸ್ಸು, ಪೂರ್ತಿ ವಿಳಾಸ ಬೇಗ ಬರೆದು ಕಳಿಸು. ಆಫೀಸಿಗೆ ಬರೆಯಬೇಡ, ನನ್ನ ಕೋಣೆಯ ವಿಳಾಸಕ್ಕೆ ಬರೆ.

ನಿನ್ನ
ಕೃಷ್ಣಕುಮಾರ್

*

ಚಳ್ಳಕೆರೆ
15 ಜುಲೈ 1998

ಲೇ ಕಿಟ್ಟ,

ನಾಟಕ ಸಾಕು. "ಯಾರು ಈಕೆ" ಅಂತೆ!

ಸರಿ, ನಿನಗೆ ಮರೆತಿದ್ದರೆ ಬರೆಯುತ್ತೇನೆ, ನೋಟ್ ಮಾಡಿಕೋ. ಹೆಸರು ಕಾಟಮ್ಮ. ವಯಸ್ಸು ಐವತ್ತಾರು. ಊರು ಮೊಳಕಾಲ್ಮುರು, ನೇಕಾರರ ಓಣಿ. ತಂಗಿ ಹೆತ್ತು ತೀರಿಕೊಂಡಾಗ ಹನ್ನೊಂದು ದಿನದ ಕೂಸನ್ನು ಎತ್ತಿಕೊಂಡು ಬಂದು ಸಾಕಿದವಳು. ಕೂಸಿಗೆ ಹೊಂದುವುದಿಲ್ಲ ಎಂದು ಬಂದ ಎರಡು ಸಂಬಂಧ ಬಿಟ್ಟವಳು. ಆ ಕೂಸು ಮಾತು ಕಲಿತಾಗ ತೆಲುಗಿನಲ್ಲಿ ಪೆದ್ದಮ್ಮ, ಅಂದರೆ ದೊಡ್ಡಮ್ಮ, ಎಂದು ಕರೆಯಿತು, ಅಮ್ಮ ಎಂದು ಕರೆಸಿಕೊಳ್ಳುವ ಆಸೆ ಇದ್ದರೂ ತಿದ್ದಲಿಲ್ಲ. ಅದೇ ಕೂಸು ಈಗ ದೆಹಲಿಯಲ್ಲಿ ಟೀ ಲೋಟ ಕೆಳಗಿಟ್ಟು ವಾದ ಮಾಡುತ್ತದೆ. ಇಷ್ಟು ವಿವರ ಸಾಕೇ ಸಾಹೇಬರೇ?

ಮೊನ್ನೆ ಹೋಗಿ ಕಾಟಮ್ಮವ್ವನಿಗೆ ಹೇಳಿದೆ. ಮೊದಲು ನಂಬಲಿಲ್ಲ. "ನನ್ನ ಗಂಟ್ಲು ಎಲೆ ಅಡಿಕೆ ಹಾಕಿ ಹಾಕಿ ಒಡೆದೈತೆ, ಇದನ್ನ ಯಾರು ಕೇಳ್ತಾರೋ" ಎಂದಳು. ಕಿಟ್ಟ ಕೇಳಿದನಂತೆ, ಅವನೇ ಎದ್ದು ನಿಂತು ನಿನ್ನ ಪರ ಮಾತಾಡಿದನಂತೆ ಎಂದೆ. ಲಾಳಿ ಕೈಯಲ್ಲೇ ನಿಂತಿತು. "ಅವ್ನು ಕರ್ಕೊಂಡು ಹೋಗ್ತಾನಾ? ಅವ್ನೂ ಬರ್ತಾನಾ? ಹಂಗಾದ್ರೆ ಎಲ್ಲಿಗಾದ್ರೂ ಬರ್ತೀನಿ" ಎಂದಳು. ಅವಳಿಗೆ ತುರ್ಕಿಯೂ ಒಂದೇ, ಪಕ್ಕದೂರು ರಾಂಪುರವೂ ಒಂದೇ. ನಿನ್ನ ಜೊತೆ ನಾಲ್ಕು ದಿನ ಇರಬಹುದು ಎನ್ನುವುದೇ ಅವಳ ಲೆಕ್ಕ. ಯಾವಾಗ ಬರುತ್ತೀಯ?

ಖುದ್ದೂಸ್

*

ನವದೆಹಲಿ
28 ಜುಲೈ 1998

ಪ್ರಿಯ ಖುದ್ದೂಸ್,

ನಿನ್ನ ಹತ್ತಿರ ಮುಚ್ಚಿಡುವುದು ಏನಿದೆ. ಮೊದಲ ಸಾಲಿಗೇ ನನಗೆ ಗೊತ್ತಾಯಿತು. "ಎರಡೆತ್ತು ಒಂದು ಬಿಡು, ನವಿಲೆ ನಿನ್ನ ಕತ್ತು ಎತ್ತು" ಎಂಬ ಆ ಹಾಡನ್ನು ಮಗ್ಗದ ಕಂಬಕ್ಕೆ ಕಟ್ಟಿದ ಜೋಳಿಗೆಯಲ್ಲಿ ಮಲಗಿ ಕೇಳಿದವನು ನಾನು. ಸೆರಗಿನ ನವಿಲಿಗೆ ಎಳೆ ಎಣಿಸುತ್ತಾ ಪೆದ್ದಮ್ಮ ತಾನೇ ಕಟ್ಟಿಕೊಂಡದ್ದು ಅದು. ಕುರ್ಚಿಯಿಂದ ಅರ್ಧ ಎದ್ದಿದ್ದೆ. ಅಷ್ಟರಲ್ಲಿ ಡೈರೆಕ್ಟರು, "ಕೃಷ್ಣಕುಮಾರ್, ನಿಮ್ಮ ಕಡೆಯವರೇ ಅಲ್ಲವೇ, ಗೊತ್ತೇ?" ಎಂದು ಕೇಳಿದರು. ಇಲ್ಲ ಸಾರ್, ಎಂದುಬಿಟ್ಟೆ. ಯಾಕೆಂದರೆ ನಿಯಮವೊಂದಿದೆ. ಸಮಿತಿಯವರ ಸಂಬಂಧಿಕರಿಗೆ ಸ್ಪರ್ಧೆಯಲ್ಲಿ ಜಾಗವಿಲ್ಲ. ಹೌದು ಎಂದಿದ್ದರೆ ಅಲ್ಲಿಗೇ ಕ್ಯಾಸೆಟ್ಟು ತೆಗೆದು ಪಕ್ಕಕ್ಕಿಡುತ್ತಿದ್ದರು. ನಾನು ಇಲ್ಲ ಎಂದದ್ದರಿಂದಲೇ ಅವಳ ಹಾಡು ಕೊನೆಯ ತನಕ ಓಡಿತು.

ಈಗ ಆ ವಿದ್ವಾಂಸರು ಅನುಮಾನ ಎತ್ತಿದ್ದಾರೆ. ಇಬ್ಬರದೂ ಒಂದೇ ಊರು ಎಂದು ಹೇಗೋ ತಿಳಿದುಕೊಂಡಿದ್ದಾರೆ. ಡೈರೆಕ್ಟರು ಒಂದು ಮುಚ್ಚಳಿಕೆ ಬರೆಸಿ ತರಿಸು, ಅವರ ಬಾಯಿ ಮುಚ್ಚಿಸೋಣ ಎಂದಿದ್ದಾರೆ. ಇದರ ಜೊತೆಗಿದೆ. ಪೆದ್ದಮ್ಮನ ಹೆಬ್ಬೆಟ್ಟು ಹಾಕಿಸಿ ಕಳಿಸು. ಒಂದು ಕಾಗದ ಅಷ್ಟೇ ಖುದ್ದೂಸ್, ಫೈಲಿಗೆ ಹೋಗಿ ಬೀಳುವಂಥದ್ದು. ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಳ್ಳುವುದು ಬೇಡ.

ನಿನ್ನ
ಕೃಷ್ಣಕುಮಾರ್

*

ಚಳ್ಳಕೆರೆ
9 ಆಗಸ್ಟ್ 1998

ಕಿಟ್ಟ,

ನಿನ್ನ ಮುಚ್ಚಳಿಕೆ ಓದಿದೆ. "ಸಮಿತಿಯ ಸದಸ್ಯರಾದ ಶ್ರೀ ಕೃಷ್ಣಕುಮಾರ್ ಎಂಬುವರು ನನ್ನ ಮಗನಾಗಲಿ, ಸಾಕು ಮಗನಾಗಲಿ, ಸಂಬಂಧಿಯಾಗಲಿ ಅಲ್ಲ. ಅಂಥವರು ನನಗೆ ಯಾರೂ ಇಲ್ಲ." ಇದನ್ನು ನಾನು ಅವಳ ಮುಂದೆ ಓದಬೇಕೇ?

ನನ್ನ ದಡ್ಡ ತಲೆಗೆ ಒಂದು ದಾರಿ ಹೊಳೆಯಿತು. ಅವಳು ಸ್ಪರ್ಧೆಯಲ್ಲಿರಲಿ, ನೀನು ಸಮಿತಿಯಿಂದ ಇಳಿ. ಆಕೆ ನನ್ನ ತಾಯಿ, ನಾನು ವೋಟು ಹಾಕುವುದಿಲ್ಲ ಎಂದು ಒಂದು ಸಾಲು ಬರೆದು ಹೊರಗೆ ಬಾ. ಹಾಡು ಅಷ್ಟು ಚೆನ್ನಾಗಿದ್ದರೆ ಉಳಿದವರು ಆರಿಸುತ್ತಾರೆ. ಆರಿಸದಿದ್ದರೆ ಅವಳೇನು ಅಳುವುದಿಲ್ಲ.

ಖುದ್ದೂಸ್

*

ನವದೆಹಲಿ
20 ಆಗಸ್ಟ್ 1998

ಪ್ರಿಯ ಖುದ್ದೂಸ್,

ನೀನು ಹೇಳುವುದು ಅಂಗಡಿಯಲ್ಲಿ ಕೂತವನಿಗೆ ಸುಲಭ. ನಾನು ಇಲ್ಲಿ ಆರು ವರ್ಷದಿಂದ ಹಂಗಾಮಿ ನೌಕರ. ಈ ಸ್ಪರ್ಧೆಗೆ ತಂಡದ ಮೇಲ್ವಿಚಾರಕನಾಗಿ ಹೋಗಿ ಬಂದರೆ ಕೆಲಸ ಕಾಯಂ ಆಗುತ್ತದೆ ಎಂದು ಡೈರೆಕ್ಟರು ಮಾತು ಕೊಟ್ಟಿದ್ದಾರೆ. ಈಗ ಇಳಿದರೆ ಮೊದಲು ಸುಳ್ಳು ಹೇಳಿದ್ದೂ ಹೊರಗೆ ಬರುತ್ತದೆ. ನನ್ನ ಒಂದು ವೋಟು ಹೋದರೆ ನಾಲ್ಕು ನಾಲ್ಕು ಸಮ, ಆ ವಿದ್ವಾಂಸರು ಬೇರೆಯವರನ್ನು ತಳ್ಳುತ್ತಾರೆ. ಅವಳಿಗೂ ಇಲ್ಲ, ನನಗೂ ಇಲ್ಲ.

ನಮ್ಮ ನಡುವೆ ಇರುವುದು ಒಂದು ಕಾಗದಕ್ಕೆ ಹೋಗುವಂಥದ್ದೇ? ಪೆದ್ದಮ್ಮನಿಗೆ ನೀನು ಸರಿಯಾಗಿ ಹೇಳು, ಅವಳಿಗೆ ಅರ್ಥವಾಗುತ್ತದೆ. ನನಗೆ ಒಳ್ಳೆಯದಾಗುತ್ತದೆ ಎಂದರೆ ಅವಳು ಯಾವತ್ತೂ ಬೇಡ ಎಂದವಳಲ್ಲ.

ಕೃಷ್ಣಕುಮಾರ್

*

ಚಳ್ಳಕೆರೆ
3 ಸೆಪ್ಟೆಂಬರ್ 1998

ಕಿಟ್ಟ,

ಹೆಬ್ಬೆಟ್ಟು ಹಾಕಿಸಿದ ಕಾಗದ ಇದರ ಜೊತೆಗಿದೆ. ಸಾಕ್ಷಿ ಸಹಿ ನನ್ನದು. ಅವಳು ಏನೆಂದಳು ಎಂದು ಕೇಳಬೇಡ.

ಖುದ್ದೂಸ್

*

ನವದೆಹಲಿ
12 ಡಿಸೆಂಬರ್ 1998

ಪ್ರಿಯ ಖುದ್ದೂಸ್,

ಬೆಂಗಳೂರಿನ ತಾಲೀಮು ಮುಗಿಸಿ ನಿನ್ನೆ ಬಂದೆ. ಅಂಗಡಿ ಬಿಟ್ಟು ಅವಳನ್ನು ಕರೆತಂದದ್ದಕ್ಕೆ ನಿನಗೆ ಎಷ್ಟು ಹೇಳಿದರೂ ಸಾಲದು. ನೀನು ಯಾಕೋ ಮೂರು ದಿನವೂ ನನ್ನ ಜೊತೆ ಊಟಕ್ಕೆ ಬರಲಿಲ್ಲ. ಹೊಟ್ಟೆ ಕೆಟ್ಟಿದೆ ಎಂದೆಯಲ್ಲ, ಈಗ ಹೇಗಿದೆ?

ಮನೆಯ ಮಗ್ಗಕ್ಕಿರುವ ಹಾಗೆ ವೇದಿಕೆಯ ಮೇಲೆ ಕಾಲಿಗೆ ಗುಂಡಿ ತೋಡುವುದಕ್ಕಾಗುವುದಿಲ್ಲ ಎಂದು ಮರದ ಅಟ್ಟಣೆ ಕಟ್ಟಿಸಿ ಮಗ್ಗ ಕೂರಿಸಿದ್ದು ಚೆನ್ನಾಗಿಯೇ ಆಯಿತು. ಅವಳು ಕಾಲು ಇಳಿಬಿಟ್ಟು, ನಾಲ್ಕು ಸಲ ಲಾಳಿ ಆಡಿಸಿ, ದನಿ ತೆಗೆದಳು ನೋಡು. ಆ ವಿದ್ವಾಂಸರು ಕೂಡ ತೊಡೆಯ ಮೇಲೆ ಬೆರಳು ಆಡಿಸುತ್ತಿದ್ದರು.

ಅದಕ್ಕಿಂತ ದೊಡ್ಡ ವಿಷಯ ಕೇಳು. ನಮ್ಮ ಪೆದ್ದಮ್ಮ ಎಂಥ ನಟಿ ಎಂದು ನನಗೆ ಈ ಮೂವತ್ತಮೂರು ವರ್ಷ ಗೊತ್ತೇ ಇರಲಿಲ್ಲ! ಎಲ್ಲರೆದುರು ನನ್ನನ್ನು ಸಾರ್ ಎಂದಳು. ಒಂದು ಸಲವೂ ತಪ್ಪಲಿಲ್ಲ. ಎಲ್ಲರೂ ಹೋದ ಮೇಲೆ ಅವಳ ಕೋಣೆಗೆ ಹೋಗಿ, ನಮ್ಮ ಮನೆಯ ತೆಲುಗಿನಲ್ಲೇ, "ಪೆದ್ದಮ್ಮಾ, ಬಾಗುನ್ನಾವಾ?" ಎಂದೆ. ಅವಳು ಎದ್ದು ನಿಂತು ಕನ್ನಡದಲ್ಲಿ, "ಚೆನ್ನಾಗಿದೀನ್ರಿ. ತಾವು ಊಟ ಮಾಡಿದ್ರಾ?" ಎಂದಳು. ಹೊರಗಿನವರ ಹತ್ತಿರ ಮಾತ್ರ ಅವಳು ಕನ್ನಡ ಆಡುವುದು, ನಿನಗೆ ಗೊತ್ತಲ್ಲ. ಗೋಡೆಗೂ ಕಿವಿ ಇರುತ್ತದೆ ಎಂದು ಎಷ್ಟು ಎಚ್ಚರ! ನಾನು ಕಾಲು ಮುಟ್ಟಲು ಬಗ್ಗಿದರೆ ಹಿಂದೆ ಸರಿದಳು. ಪಾಸ್‌ಪೋರ್ಟ್ ಅರ್ಜಿಯಲ್ಲೂ ಅಷ್ಟೇ. ಏನಾದರೂ ಆದರೆ ಯಾರಿಗೆ ತಿಳಿಸಬೇಕು ಎಂಬ ಕಡೆ ನಿನ್ನ ಹೆಸರು ಬರೆಸಿದ್ದಾಳೆ. ಎಲ್ಲಿಯೂ ಒಂದು ಎಳೆ ಸಡಿಲ ಬಿಟ್ಟಿಲ್ಲ. ಸ್ಪರ್ಧೆ ಮುಗಿಯಲಿ, ಇಬ್ಬರೂ ಕೂತು ಇದನ್ನು ನೆನೆಸಿಕೊಂಡು ನಗುತ್ತೇವೆ.

ನಿನ್ನ
ಕಿಟ್ಟ

*

ಚಳ್ಳಕೆರೆ
26 ಡಿಸೆಂಬರ್ 1998

ಕೃಷ್ಣಕುಮಾರ್,

ನನ್ನ ಹೊಟ್ಟೆ ಕೆಟ್ಟಿರಲಿಲ್ಲ. ನಿನ್ನ ಪಕ್ಕ ಕೂತು ಅನ್ನ ತಿನ್ನಲು ಆಗಲಿಲ್ಲ. ಹೇಳುವುದೇ ಬೇಡ ಎಂದುಕೊಂಡಿದ್ದೆ, ಆದರೆ ನೀನು ನಗುತ್ತೇನೆ ಎಂದು ಬರೆದೆಯಲ್ಲ, ಅದಕ್ಕೆ ಹೇಳುತ್ತಿದ್ದೇನೆ. ಅವಳು ನಟಿಸುತ್ತಿಲ್ಲ.

ಸೆಪ್ಟೆಂಬರ್ ಒಂದನೇ ತಾರೀಕು ನಿನ್ನ ಮುಚ್ಚಳಿಕೆ ಹಿಡಿದು ಹೋದೆ. ಅವಳು ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ನೇಯುತ್ತಿದ್ದಳು. ಕೆಲಸ ಯಾಕೆ ಕೆಡಿಸುವುದು ಎಂದು ನಾನು ಅಲ್ಲೇ ಪಕ್ಕದಲ್ಲಿ ಕೂತು ಓದಿದೆ. "ಇನ್ನೊಂದ್ಸತಿ ಓದಪ್ಪ" ಎಂದಳು. ಓದಿದೆ. ಮೂರನೇ ಸಲವೂ ಓದಿಸಿದಳು. ಲಾಳಿಯನ್ನು ಬಟ್ಟೆಯ ಮೇಲೆ ಮಲಗಿಸಿ, "ಇದನ್ನ ಯಾರು ಬರ್ದಿದ್ದು?" ಎಂದಳು. ಆಫೀಸಿನವರು ಎಂದು ಸುಳ್ಳು ಹೇಳಿದೆ. "ಸಾಕು ಮಗ ಅಂತ ಆಫೀಸ್ನೋರಿಗೆ ಹೆಂಗೆ ಗೊತ್ತು? ಕಿಟ್ಟನೇ ಬರ್ದಿರೋದು" ಎಂದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಬರೆದಿದ್ದೆಯಲ್ಲ, ಓದು ಬಾರದವಳಿಗೂ ತಿಳಿಯಿತು.

"ಒತ್ತಿದ್ರೆ ಅವನಿಗೆ ಒಳ್ಳೇದಾಗ್ತೈತಾ?"

"ಆಗ್ತೈತವ್ವ."

ಒತ್ತಿದಳು. ಆಮೇಲೆ ಗುಂಡಿಯಿಂದ ಎದ್ದು ಹಿತ್ತಿಲಿಗೆ ಹೋಗಿ, ಉಟ್ಟ ಸೀರೆಯಲ್ಲೇ ಮೂರು ಬಿಂದಿಗೆ ತಣ್ಣೀರು ತಲೆಗೆ ಹುಯ್ದುಕೊಂಡಳು. ನೀರು ಸೋರುತ್ತಾ ಒಳಗೆ ಬಂದು ಮಗ್ಗದ ಮೇಲೆ ಬಿಳಿ ಬಟ್ಟೆ ಹೊದಿಸಿದಳು. "ಹನ್ನೊಂದು ದಿನ ಇದು ಆಡಂಗಿಲ್ಲ" ಎಂದಳು. ಯಾಕವ್ವ, ಯಾರು ಹೋದರು ಎಂದೆ. "ಮಗ್ಗದ ಮ್ಯಾಲೆ ಕುಂತು ಸುಳ್ಳು ಹೇಳಂಗಿಲ್ಲ ಖುದ್ದೂಸಪ್ಪ. ನಮ್ಮ ಮನೇಲಿ ಯಾರೂ ಹೇಳಿಲ್ಲ. ಈಗ ನಾನು ಅವ್ನು ನನಗೆ ಇಲ್ಲ ಅಂದೀನಿ. ಅಂದ ಮ್ಯಾಲೆ ಅದು ನಿಜ ಆಗ್ಬೇಕಲ್ಲ, ಅದಕ್ಕೆ ನಿಜ ಮಾಡ್ಕೊಂಡೆ" ಎಂದಳು. ನಾನು ಆ ಕಾಗದ ಹರಿಯಲು ಹೋದೆ. "ಅದನ್ನ ಹರಿದ್ರೆ ಒತ್ತಿದ್ದು ಹೋಗ್ತೈತಾ? ಕಳಿಸು. ಅವನಿಗೆ ಒಳ್ಳೇದಾಗ್ಲಿ" ಎಂದು ಕೈ ಹಿಡಿದಳು.

ಹನ್ನೊಂದನೇ ದಿನ ಓಣಿಯವರಿಗೆ ಊಟ ಹಾಕಿದಳು. ಯಾರ ಹೆಸರಿನಲ್ಲಿ ಎಂದು ಗೊತ್ತಿದ್ದರೂ ಯಾರೂ ಬಾಯಿ ಬಿಟ್ಟು ಕೇಳಲಿಲ್ಲ. ಪಕ್ಕದ ಮನೆ ಗಾದ್ರಪ್ಪ ಎಲೆಯ ಮುಂದೆ ಕೂತು ಅತ್ತುಬಿಟ್ಟ. ನಾನೂ ಉಂಡೆ. ನಿನ್ನ ತಿಥಿಯ ಅನ್ನ ಉಂಡವನು ನಿನಗೆ ಕಾಗದ ಬರೆಯುತ್ತಿದ್ದೇನೆ.

ಖುದ್ದೂಸ್

*

ನವದೆಹಲಿ
9 ಜನವರಿ 1999

ಖುದ್ದೂಸ್,

ಮಗ್ಗದ ಮೇಲೆ ಯಾಕೆ ಒತ್ತಿಸಿದೆ? ನಿನಗೆ ಬುದ್ಧಿ ಬೇಡವೇ? ಹೊರಗೆ ಜಗಲಿಯ ಮೇಲೆ ಕೂರಿಸಿ ಒತ್ತಿಸಿದ್ದರೆ ಅದು ಬರೀ ಕಾಗದವಾಗಿರುತ್ತಿತ್ತು! ಚಿಕ್ಕಂದಿನಲ್ಲಿ ನಾನು ಬೆಲ್ಲ ಕದ್ದರೆ ಅವಳು ಹೊಡೆಯುತ್ತಿರಲಿಲ್ಲ, ಎತ್ತಿಕೊಂಡು ಹೋಗಿ ಮಗ್ಗದ ಮೇಲೆ ಕೂರಿಸಿ ಕೇಳುತ್ತಿದ್ದಳು. ಅಲ್ಲಿ ಕೂತರೆ ನನ್ನ ಬಾಯಲ್ಲಿ ಸುಳ್ಳು ಬರುತ್ತಿರಲಿಲ್ಲ. ನೀನು ಎಂಥ ಕೆಲಸ ಮಾಡಿಬಿಟ್ಟೆ.

ಮೂರು ದಿನದಿಂದ ಯೋಚಿಸಿ ಒಂದು ಉಪಾಯ ಕಂಡುಕೊಂಡಿದ್ದೇನೆ. ಇದರ ಜೊತೆ ಇನ್ನೊಂದು ಕಾಗದ ಇಟ್ಟಿದ್ದೇನೆ. ಕೃಷ್ಣಕುಮಾರ್ ನನ್ನ ಮಗ ಎಂದು ಬರೆದಿದ್ದೇನೆ. ಅದೇ ಮಗ್ಗದ ಮೇಲೆ ಕೂರಿಸಿ, ಅದೇ ಹೆಬ್ಬೆಟ್ಟು ಒತ್ತಿಸು. ಆಗ ಅದೂ ನಿಜವಾಗಬೇಕಲ್ಲ. ಆದರೆ ಮೇ ತಿಂಗಳು ಸ್ಪರ್ಧೆ ಮುಗಿಯುವ ತನಕ ಅದು ನಿನ್ನ ಹತ್ತಿರವೇ ಇರಲಿ, ಯಾರಿಗೂ ತೋರಿಸಬೇಡ.

ಕಿಟ್ಟ

*

ಚಳ್ಳಕೆರೆ
1 ಫೆಬ್ರವರಿ 1999

ಕೃಷ್ಣಕುಮಾರ್,

ನಾನು ಸಾಬರ ಹುಡುಗ, ನಿಮ್ಮ ಮಗ್ಗದ ಪದ್ಧತಿ ಗೊತ್ತಿರಲಿಲ್ಲ, ತಪ್ಪು ಒಪ್ಪಿದೆ. ನಿನಗೆ ಗೊತ್ತಿತ್ತಲ್ಲ? ಜಗಲಿಯ ಮೇಲೆ ಒತ್ತಿಸು ಎಂದು ಅರ್ಧ ಸಾಲು ಬರೆದಿದ್ದರೆ ಸಾಕಿತ್ತು. ಮುಚ್ಚಳಿಕೆ ಬರೆಯುವಾಗ ನಿನಗೆ ಮಗ್ಗದ ನೆನಪೇ ಬರಲಿಲ್ಲ ನೋಡು. ಎಲ್ಲಿ ಒತ್ತಿಸಿದೆ ಎಂದು ನನ್ನ ಮೇಲೆ ಹಾರಾಡುತ್ತೀಯ, ಏನನ್ನು ಒತ್ತಿಸಿದೆ ಎಂದು ಒಂದು ಸಲವೂ ನಿನ್ನನ್ನು ನೀನು ಕೇಳಿಕೊಳ್ಳಲಿಲ್ಲ.

ನಿನ್ನ ಹೊಸ ಕಾಗದ ಒಯ್ದೆ. ಕಿಟ್ಟನದು ಎಂದೆ. ಲಾಳಿ ನಿಲ್ಲಿಸಲಿಲ್ಲ. ಓದಿ ಮುಗಿಸಿದ ಮೇಲೆ, "ಇದನ್ನ ಎಲ್ಲರಿಗೂ ತೋರಿಸ್ಬೋದಾ?" ಎಂದು ಕೇಳಿದಳು. ಮೇ ತನಕ ಆಗುವುದಿಲ್ಲವಂತೆ ಎಂದೆ. "ಹಂಗಾದ್ರೆ ಮಡಚಿ ಇಟ್ಕೋ" ಎಂದಳು. ಅಷ್ಟೇ.

ನೀನು ಹೋಗಲೇಬೇಕೇನವ್ವ ಎಂದೂ ಕೇಳಿದೆ. "ಹಾಡಿಗೇನು ಸೂತಕ? ಅದು ನಂದು. ಕರ್ದಿದಾರೆ, ಹೋಗ್ತೀನಿ" ಎಂದಳು. ಇನ್ನು ನನಗೆ ಬರೆಯಬೇಡ ಎನ್ನುವುದಿಲ್ಲ. ಬರೆದರೆ ಅವಳ ಆರೋಗ್ಯ ಹೇಗಿದೆ ಎಂದು ಮಾತ್ರ ಬರೆ.

ಖುದ್ದೂಸ್

*

ತುರ್ಕಿ
18 ಮೇ 1999

ಖುದ್ದೂಸ್,

ಅವಳ ಆರೋಗ್ಯ ಚೆನ್ನಾಗಿದೆ. ವಿಮಾನದಲ್ಲಿ ಕಿವಿ ನೋವು ಬಂದಿತ್ತು, ಈಗ ಇಲ್ಲ. ಇಲ್ಲಿಯ ರೊಟ್ಟಿ ಹಿಡಿಸಿದೆ.

ಮೂವತ್ತೊಂದು ದೇಶಗಳಲ್ಲಿ ಅವಳಿಗೆ ಎರಡನೇ ಬಹುಮಾನ ಬಂತು. ಹಾಡು ಮುಗಿದಾಗ ಜನ ಎದ್ದು ನಿಂತರು. ಡೈರೆಕ್ಟರು ನನ್ನನ್ನು ತಬ್ಬಿಕೊಂಡು, ಊರಿಗೆ ಹೋದ ತಕ್ಷಣ ನಿನ್ನ ಆರ್ಡರು ಟೈಪ್ ಆಗುತ್ತದೆ ಎಂದರು. ನಾನು ಬೇಡಿದ್ದೆಲ್ಲ ಸಿಕ್ಕಿತು.

ಮರುದಿನ ಪತ್ರಿಕೆಯವರನ್ನು ಕರೆದಿದ್ದರು. ಅನುವಾದಕ್ಕೆ ಬಂದ ಹುಡುಗಿಗೆ ಹಿಂದಿ ಮಾತ್ರ ಗೊತ್ತಿತ್ತು. ಹಾಡಿದವಳ ಮಾತು ತಿಳಿದವನು ಆ ಸಭೆಯಲ್ಲಿ ನಾನೊಬ್ಬನೇ. ಅವಳ ಪಕ್ಕದ ಕುರ್ಚಿಯಲ್ಲಿ ನನ್ನನ್ನು ಕೂರಿಸಿ ಮುಂದೆ ಮೈಕು ಇಟ್ಟರು. ಒಬ್ಬ ಹೆಂಗಸು, ಈ ಹಾಡನ್ನು ಯಾರಿಗಾಗಿ ಹಾಡುತ್ತಿದ್ದಿರಿ ಎಂದು ಕೇಳಿದಳು. ಆ ಪ್ರಶ್ನೆಯನ್ನು ನಾನು ಅವಳಿಗೆ ಕನ್ನಡದಲ್ಲಿ ಹೇಳಿದೆ. "ನವಿಲು ತಪ್ಪಬಾರ್ದು ಅಂತ ಹಾಡ್ತಿದ್ದೆ. ಆಮ್ಯಾಲೆ ಕೂಸು ಮಲಗ್ಲಿ ಅಂತ ಹಾಡ್ದೆ" ಎಂದಳು. ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಎಲ್ಲರೂ ನಕ್ಕರು. ಆ ಕೂಸು ಈಗ ಎಲ್ಲಿದೆ ಎಂದು ಆ ಹೆಂಗಸು ಕೇಳಿದಳು.

ನಾನು ಅದನ್ನೂ ಕೇಳಿದೆ ಖುದ್ದೂಸ್. ನನ್ನ ಬಾಯಿಂದಲೇ ಕೇಳಿದೆ. ಅವಳು ಎಂಟು ತಿಂಗಳಲ್ಲಿ ಮೊದಲ ಸಲ ನನ್ನ ಮುಖ ನೋಡಿದಳು. "ತೀರ್ಕೊಂಡ್ನಮ್ಮ. ಓದಿ ದೊಡ್ಡೋನಾಗಿದ್ದ" ಎಂದಳು. ಹೇಳಿದ್ದು ಆ ಹೆಂಗಸಿಗೆ, ನೋಡುತ್ತಿದ್ದುದು ನನ್ನನ್ನು.

ಸಭೆ ಕಾಯುತ್ತಿತ್ತು. ನಾನು ಏನು ಬೇಕಾದರೂ ಹೇಳಬಹುದಿತ್ತು, ಅಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ. ಇಲ್ಲೇ ಕೂತಿದ್ದಾನೆ, ನಾನೇ ಎನ್ನಬಹುದಿತ್ತು. ಡೈರೆಕ್ಟರು ಮೊದಲ ಸಾಲಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದರು. ಮೈಕು ಹತ್ತಿರ ಎಳೆದುಕೊಂಡು, ಆಕೆಯ ಮಗ ತೀರಿಕೊಂಡಿದ್ದಾನೆ ಎಂದೆ. ದೊಡ್ಡ ಓದು ಓದಿದ್ದ ಎಂದೂ ಸೇರಿಸಿದೆ. ಆ ಹೆಂಗಸು ಕಣ್ಣು ಒರೆಸಿಕೊಂಡಳು. ಪೇಪರಿನಲ್ಲಿ ಇವತ್ತು ಅದೇ ಬಂದಿದೆ, ಅವಳ ಫೋಟೋ ಪಕ್ಕ ನಾನೂ ಅರ್ಧ ಕಾಣುತ್ತೇನೆ.

ಹೋಟೆಲಿಗೆ ವಾಪಸು ಬರುವ ಬಸ್ಸಿನಲ್ಲಿ ಅವಳು ನನ್ನ ಹಿಂದಿನ ಸೀಟಿನಲ್ಲಿದ್ದಳು. ಸ್ವಲ್ಪ ಹೊತ್ತಾದ ಮೇಲೆ ಮುಂದಕ್ಕೆ ಬಾಗಿ, "ಸಾರ್, ನಾನು ಹೇಳಿದ್ದು ಹೇಳ್ದಂಗೇ ಹೇಳಿದ್ರಾ? ಏನೂ ಬದ್ಲಾಯಿಸ್ಲಿಲ್ವಾ?" ಎಂದು ಕೇಳಿದಳು.

ಇಲ್ಲಮ್ಮ, ಹೇಳಿದ ಹಾಗೆಯೇ ಹೇಳಿದೆ ಎಂದೆ.

"ಆತು ಬಿಡ್ರಿ" ಎಂದು ಹಿಂದಕ್ಕೆ ಒರಗಿದಳು. ಆಮೇಲೆ ಅವಳು ಸಣ್ಣಗೆ ಅಳುವುದು ಕೇಳಿಸಿತು. ನಾನು ತಿರುಗಿ ನೋಡಲಿಲ್ಲ.

ಕೃಷ್ಣಕುಮಾರ್